ಕೋವಿ ಮತ್ತು ಒಡವೆಗೆ ಭದ್ರ ಪೆಟ್ಟಿಗೆ: ಮೂರನ್ನು ಬಳಸಿ ಕಂಡದ್ದು

ಗುಬ್ಬಿ ತಾಲ್ಲೂಕಿನ ನಮ್ಮ ತೋಟದ ಮನೆಯಲ್ಲಿ, ಅಪ್ಪನಿಂದ ನನ್ನ ಹೆಸರಿಗೆ ಬಂದ, ಬೆಳೆ ರಕ್ಷಣೆಯ ಲೈಸೆನ್ಸಿರುವ 12 ಬೋರಿನ ಜೋಡುನಳಿಗೆ ಕೋವಿಯಿದೆ. ಜೊತೆಗೆ ಹೆಂಡತಿಯ ಒಡವೆ ಮತ್ತು ಜಮೀನಿನ ಪತ್ರಗಳಿವೆ. ಇವನ್ನು ಇಡಲು ಹಳೆಯ ಬೀರು, ಅಂಗಡಿಯಿಂದ ತಂದ ಎಲೆಕ್ಟ್ರಾನಿಕ್ ಸೇಫ್, ವೆಲ್ಡಿಂಗ್ ಶಾಪಿನಲ್ಲಿ ಅಳತೆ ಕೊಟ್ಟು ಮಾಡಿಸಿದ ಕಬ್ಬಿಣದ ಪೆಟ್ಟಿಗೆ, ಈ ಮೂರನ್ನೂ ಬಳಸಿದ್ದೇನೆ. ಮೊದಲೇ ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ಹೋಗಿ ಪೆಟ್ಟಿಗೆ ಮಾಡಿಸಿದ್ದರೆ ಸೇಫಿಗೆ ಸುರಿದ 9,000 ರೂಪಾಯಿ ಉಳಿಯುತ್ತಿತ್ತು.

ಬೀರುವಿನ ತಗಡನ್ನು ಸಣ್ಣ ಹಾರೆಯಿಂದಲೇ ಮೀಟಬಹುದು. ಅದರ ಬೀಗದ ಕೈ ಎಲ್ಲಿರುತ್ತದೆಂಬುದು ನೆಂಟರಿಗೆಲ್ಲ ಗೊತ್ತು.

ಎಲೆಕ್ಟ್ರಾನಿಕ್ ಸೇಫಿನ ಬೀಗದಲ್ಲಿ ದೋಷವಿರಲಿಲ್ಲ, ತೊಡಕಾದದ್ದು ಸೇಫನ್ನು ಗೋಡೆಗೆ ಬಿಗಿಯುವುದರಲ್ಲಿ. ಅದರ ತೂಕ 16 ಕೆ.ಜಿ., ಅಂದರೆ ತುಂಬಿದ ಗ್ಯಾಸ್ ಸಿಲಿಂಡರಿನ ಹೆಚ್ಚುಕಡಿಮೆ ಅರ್ಧ. ಸಿಲಿಂಡರನ್ನೇ ಒಬ್ಬ ಹುಡುಗ ಹೆಗಲ ಮೇಲೆ ಹೊತ್ತು ತರುವಾಗ, ಗೋಡೆಗೆ ಕಚ್ಚಿಕೊಳ್ಳದ ಸೇಫನ್ನು ಒಡೆಯುವ ಗೋಜಿಗೆ ಯಾವ ಕಳ್ಳನೂ ಹೋಗುವುದಿಲ್ಲ, ಎತ್ತಿಕೊಂಡೇ ನಡೆಯುತ್ತಾನೆ.

ಆಂಕರ್ ಬೋಲ್ಟು ತೂತಿನೊಳಗೆ ಹಿಗ್ಗಿ ಹಿಡಿಯುವಂಥದ್ದು. ಅದಕ್ಕೆ ಕಾಂಕ್ರೀಟು ಅಥವಾ ಗಟ್ಟಿ ಇಟ್ಟಿಗೆ ಬೇಕು. ನಮ್ಮ ಗೋಡೆ ಹೊರಗೆ ಸಿಮೆಂಟು, ಒಳಗೆ ಮಣ್ಣು. ಡ್ರಿಲ್ ಹಾಕಿದೊಡನೆ ಕೆಮ್ಮಣ್ಣು ಉದುರಿತು, ಬೋಲ್ಟು ಬಿಗಿದಷ್ಟೂ ಸುಮ್ಮನೆ ತಿರುಗಿತು. ನೆಲಕ್ಕಾದರೂ ಬಿಗಿಯೋಣವೆಂದರೆ ಕಡಪ ಕಲ್ಲು ಸೀಳಿತು, ಅದರಡಿಯೂ ಮಣ್ಣೇ. ಕೊನೆಗೆ ಸೇಫನ್ನು ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಟ್ಟೆ. ಬಚ್ಚಿಡುವುದೇ ಆಗಿದ್ದರೆ ಒಡವೆಯ ಡಬ್ಬಿಯೇ ಸಾಕಿತ್ತಲ್ಲವೇ ಎಂದು ಹೆಂಡತಿ ಕೇಳಿದ್ದು ಸರಿಯಾಗಿಯೇ ಇತ್ತು. ಕೋವಿಯಂತೂ ಬಿಚ್ಚಿದರೂ ಅದರೊಳಗೆ ಹಿಡಿಸಲಿಲ್ಲ. ನಳಿಗೆಯೇ 28 ಇಂಚು.

ಮಾಡಿಸಿದ ಪೆಟ್ಟಿಗೆ ನಾಲ್ಕೂವರೆ ಅಡಿ ಎತ್ತರ, 3 ಮಿ.ಮೀ. ತಗಡು, ಖಾಲಿಯಿದ್ದಾಗಲೇ ಇಬ್ಬರು ಏದುಸಿರು ಬಿಡುವಷ್ಟು ಭಾರ. ಮೂಲೆಯಲ್ಲಿ ಎರಡಡಿ ಅಗೆಸಿ, ಕಾಂಕ್ರೀಟು ತುಂಬಿಸಿ, ಅದರಲ್ಲಿ ಹೂತ ಬೋಲ್ಟುಗಳಿಗೆ ಪೆಟ್ಟಿಗೆಯ ಒಳಗಿನಿಂದ ನಟ್ಟು ಬಿಗಿಸಿದೆ. ತೋಟಾಗಳಿಗೆ ಬೇರೆಯೇ ಬೀಗವಿರುವ ಖಾನೆಯಿದೆ. ಗಾರೆಯವರ ಕೂಲಿ ಸೇರಿ 14,000 ರೂಪಾಯಿ ಆಯಿತು. ಬರಿಯ ತಗಡು ಬೆಂಕಿಯ ಕಾವನ್ನು ತಡೆಯದಾದ್ದರಿಂದ ಜಮೀನಿನ ಮೂಲಪತ್ರಗಳು ಬ್ಯಾಂಕಿನ ಲಾಕರಿಗೆ ಹೋದವು. ಮಳೆಗಾಲದಲ್ಲಿ ಒಳಗೆ ತೇವ ಹೀರುವ ಸಿಲಿಕಾ ಜೆಲ್ ಇಟ್ಟು, ನಳಿಗೆಗೆ ಎಣ್ಣೆ ಒರೆಸುತ್ತೇನೆ.

ಬೋಲ್ಟು ಹಿಡಿಯುವ ಗಟ್ಟಿ ಗೋಡೆಯ ತಾರಸಿ ಮನೆಯಿದ್ದು, ಕೋವಿಯಿಲ್ಲದೆ, ದಿನವೂ ನಗದು ತೆಗೆದಿಡುವವರು ಎಲೆಕ್ಟ್ರಾನಿಕ್ ಸೇಫನ್ನೇ ಕೊಳ್ಳಲಿ. ನಾನು ಪೆಟ್ಟಿಗೆ ತೆರೆಯುವುದು ತಿಂಗಳಿಗೆ ಎರಡು ಸಲ. ಅದರ ಬೀಗದ ಕೈ ನನ್ನ ಉಡುದಾರದಲ್ಲಿರುತ್ತದೆ.