ಅಂಬಾಸಡರ್ 6000 ಮತ್ತು ಮಿಚೆಲ್ 300: ಎರಡು ಹಳೆಯ ಗಾಳದ ರೀಲುಗಳನ್ನು ಬಿಚ್ಚಿ ನೋಡಿದ ಮೇಲೆ

ಮಂಡ್ಯದ ನಮ್ಮ ಮನೆಯ ಗಾಜಿನ ಬೀರುವಿನಲ್ಲಿ ಈಗ ಒಂಬತ್ತು ಹಳೆಯ ಗಾಳದ ರೀಲುಗಳಿವೆ. ಅವುಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬೇಕಾಗಿ ಬಂದರೆ ನಾನು ಸ್ವೀಡನ್ನಿನ ಆಬು ಅಂಬಾಸಡರ್ 6000 ಅನ್ನೇ ಉಳಿಸಿಕೊಳ್ಳುತ್ತೇನೆ. ಫ್ರಾನ್ಸಿನ ಮಿಚೆಲ್ 300 ನೋಡುವುದಕ್ಕೂ ಕೈಗೂ ಅದಕ್ಕಿಂತ ಮೃದುವಾದ ರೀಲು ಎಂಬುದನ್ನು ಒಪ್ಪಿಕೊಂಡೇ ಈ ಮಾತು ಹೇಳುತ್ತಿದ್ದೇನೆ. ಎರಡನ್ನೂ ನಾಲ್ಕು ತಿಂಗಳ ಅಂತರದಲ್ಲಿ ಕೊಂಡೆ. ಅಂಬಾಸಡರ್ ಕೊಡಗಿನ ಒಂದು ಕಾಫಿ ತೋಟದ ಮನೆಯಿಂದ 5,000 ರೂಪಾಯಿಗೆ ಬಂತು, ಮಿಚೆಲ್ ಮೈಸೂರಿನ ಹಳೆ ಸಾಮಾನಿನ ವ್ಯಾಪಾರಿಯೊಬ್ಬರಿಂದ 2,200 ರೂಪಾಯಿಗೆ ಬಂತು. ಅಗ್ಗವಾಗಿ ಸಿಕ್ಕಿದ್ದು ಕೊನೆಗೆ ಹೇಗೆ ದುಬಾರಿಯಾಯಿತು ಎಂಬುದನ್ನು ಮುಂದೆ ವಿವರವಾಗಿ ಬರೆದಿದ್ದೇನೆ. ತೂಕ, ದಾರದ ಅಳತೆ, ಗೇರಿನ ಅನುಪಾತ ಮುಂತಾದವು ಎಲ್ಲಿ ಬೇಕಾದರೂ ಸಿಗುವ ವಿವರಗಳಾದ್ದರಿಂದ ಅವನ್ನು ಇಲ್ಲಿ ಬಿಟ್ಟಿದ್ದೇನೆ.

ಎರಡೂ ರೀಲುಗಳ ಹಿಂದೆ ಗಡಿಯಾರದ ಕಸುಬು ಇದೆ ಎಂಬುದು ನನ್ನನ್ನು ಮೊದಲಿಗೆ ಸೆಳೆದ ಸಂಗತಿ. ಆಬು ಎಂಬ ಹೆಸರು ಸ್ವಾಂಗ್‌ಸ್ಟಾ ಎಂಬ ಊರಿನಲ್ಲಿ 1921ರಲ್ಲಿ ಶುರುವಾದ ಎಬಿ ಉರ್‌ಫ್ಯಾಬ್ರಿಕೆನ್ ಎಂಬುದರ ಮೊಟಕು ರೂಪ. ಉರ್‌ಫ್ಯಾಬ್ರಿಕೆನ್ ಎಂದರೆ ಗಡಿಯಾರದ ಕಾರ್ಖಾನೆ ಎಂದೇ ಅರ್ಥ, ಮುಂದೆ ಅಲ್ಲಿ ಟ್ಯಾಕ್ಸಿಗಳ ಮೀಟರುಗಳೂ ತಯಾರಾದವು. ಮಿಚೆಲ್ ರೀಲನ್ನು ಮಾಡುತ್ತಿದ್ದ ಕಾರ್ಪಾನೊ ಮತ್ತು ಪೋನ್ಸ್ ಸಂಸ್ಥೆ ಇದ್ದದ್ದು ಆಲ್ಪ್ಸ್ ತಪ್ಪಲಿನ ಕ್ಲೂಸ್ ಎಂಬ ಊರಿನಲ್ಲಿ, ಅದು ಗಡಿಯಾರದ ಬಿಡಿಭಾಗಗಳಿಗೆ ಹೆಸರಾದ ಊರು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನನಗೆ ಇಂಥ ಕೈಗಳು ಕೊರೆದ ಹಲ್ಲುಚಕ್ರಗಳನ್ನು ಬಿಚ್ಚಿ ನೋಡುವುದೇ ಒಂದು ಪಾಠ.

ಮೊದಲು ವಯಸ್ಸಿನ ಪ್ರಶ್ನೆಯನ್ನು ತೆಗೆದುಕೊಳ್ಳುತ್ತೇನೆ, ಏಕೆಂದರೆ ಸಂಗ್ರಹಿಸುವವನಿಗೆ ಎಲ್ಲಕ್ಕಿಂತ ಮೊದಲು ಬೇಕಾಗುವುದು ಅದು. 1970ರ ದಶಕದ ನಡುಭಾಗದಿಂದ ಈಚಿನ ಅಂಬಾಸಡರ್ ಆದರೆ ಕೋಲಿಗೆ ಕೂರುವ ಅದರ ಕಾಲಿನ ತಳದಲ್ಲಿ ಆರು ಅಂಕೆಗಳ ಸಂಖ್ಯೆ ಒತ್ತಿರುತ್ತದೆ. ಮೊದಲ ಎರಡು ಅಂಕೆ ವರ್ಷ, ನಡುವಿನ ಎರಡು ತಿಂಗಳು, ಕೊನೆಯ ಎರಡು ಆ ಮಾದರಿಯ ಆವೃತ್ತಿ. ನನ್ನ ರೀಲಿನ ಮೇಲೆ 760302 ಎಂದಿದೆ, ಅಂದರೆ ಅದು 1976ರ ಮಾರ್ಚ್ ತಿಂಗಳ ರೀಲು, ಎರಡನೆಯ ಆವೃತ್ತಿ. ಹುಟ್ಟಿದ ತಿಂಗಳನ್ನು ತಾನೇ ಹೇಳುವ ಹಳೆಯ ಯಂತ್ರ ನನ್ನ ಬೀರುವಿನಲ್ಲಿ ಬೇರೆ ಯಾವುದೂ ಇಲ್ಲ. ಆದರೆ ಒಂದು ಎಚ್ಚರಿಕೆ ಅಗತ್ಯ. ಆ ಸಂಖ್ಯೆ ಚೌಕಟ್ಟಿನ ವಯಸ್ಸನ್ನು ಮಾತ್ರ ಹೇಳುತ್ತದೆ. 6000 ಎಂಬುದು ಮೂಲದಲ್ಲಿ 5000 ಮಾದರಿಯನ್ನೇ ಅಗಲಿಸಿದ ರೀಲಾದ್ದರಿಂದ ಪಕ್ಕದ ತಟ್ಟೆಗಳು, ಹಿಡಿ, ಗೇರುಗಳು ಒಂದರದು ಇನ್ನೊಂದಕ್ಕೆ ಹೊಂದುತ್ತವೆ, ಹಾಗಾಗಿ ಐವತ್ತು ವರ್ಷಗಳಲ್ಲಿ ಯಾರೋ ರಿಪೇರಿಗಾಗಿ ಬೇರೆ ದಶಕದ ತಟ್ಟೆಯನ್ನು ತಂದು ಕೂರಿಸಿರುವ ಸಾಧ್ಯತೆ ಇದ್ದೇ ಇರುತ್ತದೆ. ಎರಡು ತಟ್ಟೆಗಳ ಬಣ್ಣ ಒಂದೇ ರೀತಿ ಮಾಸಿದೆಯೇ, ತಿರುಪುಗಳ ತಲೆಯ ಸವೆತ ಒಂದೇ ತರಹ ಇದೆಯೇ ಎಂದು ನೋಡಿದ ಮೇಲೆಯೇ ನಾನು ಚೀಟಿ ಬರೆದು ಅಂಟಿಸುತ್ತೇನೆ.

ಮಿಚೆಲ್ ಕಾಲಿನ ಮೇಲೂ ಸಂಖ್ಯೆ ಇದೆ, ಆದರೆ ಅದು ಏರುತ್ತಾ ಹೋಗುವ ಸರಣಿ ಸಂಖ್ಯೆ. ಅದರಲ್ಲಿ ವರ್ಷವನ್ನು ನೇರವಾಗಿ ಓದಲಾಗದು. ದಾರವನ್ನು ಹಿಡಿದು ಸುತ್ತಿಸುವ ಬಾಗಿದ ತಂತಿ, ಅಂದರೆ ಬೇಲ್, ಅರ್ಧ ಇದೆಯೋ ಪೂರ್ಣ ಇದೆಯೋ, ಮೈಮೇಲೆ 300 ಎಂಬ ಅಂಕೆ ಇದೆಯೋ ಬರಿಯ ಮಿಚೆಲ್ ಎಂದಷ್ಟೇ ಇದೆಯೋ, ಹಿಡಿಯ ಆಕಾರ ಯಾವುದು ಎಂದು ಒಂದೊಂದನ್ನೇ ತಾಳೆ ನೋಡಿ ದಶಕದ ಹತ್ತಿರ ಬರಬೇಕು. ಇದರಲ್ಲಿ ಸಂತೋಷ ಕಾಣುವವರು ಇರಬಹುದು, ನನಗೆ ಆ ತಾಳ್ಮೆ ಇಲ್ಲ.

ಬಿಚ್ಚುವ ವಿಷಯದಲ್ಲಿ ಅಂಬಾಸಡರ್ ಬಹಳ ಮುಂದಿದೆ. ಹಿಡಿಯ ಬದಿಯಲ್ಲಿರುವ ಮೂರು ದೊಡ್ಡ ತಿರುಪುಗಳನ್ನು ಬೆರಳಿನಿಂದ ಅಥವಾ ಒಂದು ನಾಣ್ಯದಿಂದ ಸಡಿಲಿಸಿದರೆ ಗೇರಿನ ಪಕ್ಕ ಪೂರ್ತಿಯಾಗಿ ಕಳಚಿ ಬರುತ್ತದೆ, ದಾರ ಸುತ್ತಿಕೊಳ್ಳುವ ಉರುಳೆ, ಅಂದರೆ ಸ್ಪೂಲ್, ಜಾರಿ ಅಂಗೈಗೆ ಬೀಳುತ್ತದೆ. ತಿಂಗಳಿಗೊಮ್ಮೆ ಸುಮ್ಮನೆ ಬಿಚ್ಚಿ ಒರೆಸಿ ಎಣ್ಣೆ ಹಾಕಿಡುವುದು ನನ್ನ ಅಭ್ಯಾಸವಾದ್ದರಿಂದ ಇದು ನನಗೆ ದೊಡ್ಡ ಗುಣ. ಸ್ಪೂಲಿನ ಅಕ್ಷದ ಮೇಲೆ ಎರಡು ಸಣ್ಣ ತುಂಡುಗಳು ಜಾರುವಂತೆ ಕೂತಿರುತ್ತವೆ. ಸ್ಪೂಲ್ ವೇಗವಾಗಿ ತಿರುಗಿದಾಗ ಅವು ಹೊರಕ್ಕೆ ಸರಿದು ಉಂಗುರಕ್ಕೆ ಉಜ್ಜಿ ವೇಗವನ್ನು ತಗ್ಗಿಸುತ್ತವೆ, ದಾರ ಗೋಜಲಾಗುವುದಿಲ್ಲ. ಕೊಳ್ಳುವಾಗ ಈ ಎರಡು ತುಂಡುಗಳೂ ಇವೆಯೇ ಎಂದು ತಪ್ಪದೆ ನೋಡಬೇಕು.

ಅಂಬಾಸಡರ್‌ನಲ್ಲಿ ದೋಷವಿಲ್ಲ ಎಂದಲ್ಲ. ದಾರವನ್ನು ಅತ್ತಿತ್ತ ಸರಿಸಿ ಸಮನಾಗಿ ಸುತ್ತುವ ಕೊಂಡಿ ನನ್ನ ರೀಲಿನಲ್ಲಿ ಬಲತುದಿಗೆ ಹೋಗಿ ಅಲ್ಲೇ ನಿಂತುಬಿಡುತ್ತಿತ್ತು. ಅಡ್ಡಹಾಯುವ ಗೀರುಗಳಿರುವ ಸರಳಿನ ಒಳಗೆ ಓಡುವ ಒಂದು ಚಿಕ್ಕ ನಾಲಿಗೆ ಸವೆದಿರುವುದೇ ಇದಕ್ಕೆ ಕಾರಣ. ಕೊಂಡಿಯ ಕೆಳಗಿನ ಮುಚ್ಚಳವನ್ನು ಬಿಚ್ಚಿ ಹೊಸ ನಾಲಿಗೆ ಹಾಕಿದೆ. ತೋಟದ ಮನೆಯವರು ರೀಲಿನ ಮೂಲ ಚರ್ಮದ ಪೆಟ್ಟಿಗೆಯನ್ನೂ ಕೊಟ್ಟಿದ್ದರು, ಅದರೊಳಗಿನ ಸಣ್ಣ ಡಬ್ಬಿಯಲ್ಲಿ ಆ ನಾಲಿಗೆ ಐವತ್ತು ವರ್ಷದಿಂದ ಕಾದಿತ್ತು. ಐದು ನಿಮಿಷದ ಕೆಲಸ.

ಇನ್ನು ಮಿಚೆಲ್. ತಂದ ದಿನ ಅದರ ಹಿಡಿ ಕಲ್ಲಿನಂತೆ ಬಿಗಿದಿತ್ತು. ಗೇರು ಮುರಿದಿದೆ ಎಂದು ಹೆದರಿದ್ದೆ. ಪಕ್ಕದ ಮುಚ್ಚಳ ತೆಗೆದು ನೋಡಿದರೆ ಹಳೆಯ ಗ್ರೀಸು ಒಣಗಿ ಮೇಣದಂತೆ ಗಟ್ಟಿಯಾಗಿತ್ತು, ಅಷ್ಟೇ. ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಬಿಚ್ಚಿದ ಕ್ರಮದಲ್ಲೇ ಭಾಗಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಜೋಡಿಸಿಟ್ಟುಕೊಂಡು ಮತ್ತೆ ಕೂರಿಸಿದೆ. ತಿರುಗಿಸಿದಾಗ ಬಂದ ಆ ನಯವಾದ, ತಗ್ಗಿದ ಸದ್ದನ್ನು ಕೇಳಿ ಅಂಬಾಸಡರ್ ಮೇಲಿನ ನನ್ನ ಪ್ರೀತಿ ಒಂದು ವಾರ ಅಲುಗಾಡಿತ್ತು ಎಂದರೆ ಅದು ಸುಳ್ಳಲ್ಲ. ನಡುವಿನ ಗುಂಡಿ ಒತ್ತಿದರೆ ಸ್ಪೂಲ್ ಕಳಚಿ ಬರುವ ಏರ್ಪಾಡು ಅಂಬಾಸಡರ್‌ಗಿಂತಲೂ ಸರಳ.

ತೊಂದರೆ ಬಂದದ್ದು ಬೇಲ್ ಸ್ಪ್ರಿಂಗಿನಿಂದ. ದಾರವನ್ನು ಹಿಡಿದು ಸ್ಪೂಲಿಗೆ ಒಯ್ಯುವ ಬಾಗಿದ ತಂತಿಗೆ ಬೇಲ್ ಎನ್ನುತ್ತಾರೆ. ಎಸೆಯುವ ಮೊದಲು ಅದನ್ನು ತೆರೆಯಬೇಕು, ಹಿಡಿ ತಿರುಗಿಸಿದೊಡನೆ ಒಂದು ಪುಟ್ಟ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಈ ಸ್ಪ್ರಿಂಗ್ ಮುರಿಯುವುದು ಮಿಚೆಲ್ 300ರ ಹಳೆಯ ಕಾಯಿಲೆ. ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಸೀಸದ ಗುಂಡು ಕಟ್ಟಿ ಪರೀಕ್ಷೆಗೆ ಎಸೆಯುತ್ತಿದ್ದಾಗ, ಹನ್ನೊಂದನೆಯದೋ ಹನ್ನೆರಡನೆಯದೋ ಎಸೆತಕ್ಕೆ ಅದು ಟಕ್ಕನೆ ಮುರಿಯಿತು. ಒಂದು ತುಂಡು ಒಳಗೆ ಉಳಿಯಿತು, ಇನ್ನೊಂದು ಕೂಳೆಯ ನಡುವೆ ಎಲ್ಲೋ ಹಾರಿಹೋಯಿತು. ಕತ್ತಲಾಗುವವರೆಗೆ ಹುಡುಕಿದರೂ ಸಿಗಲಿಲ್ಲ. ಆ ತುಂಡಿನ ಜೊತೆಗೆ ಸ್ಪ್ರಿಂಗಿನ ಎರಡು ಕಾಲುಗಳ ನಡುವಿನ ಕೋನವೂ ಕಳೆದುಹೋಗಿದೆ ಎಂಬುದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ಮೊದಲು ವೀಣೆಯ ಉಕ್ಕಿನ ತಂತಿಯನ್ನು ಮೊಳೆಗೆ ಸುತ್ತಿ ನೋಡಿದೆ. ಮೈಸೂರಿನಲ್ಲಿ ಅದು ಸುಲಭವಾಗಿ ಸಿಗುತ್ತದೆ, ಒಳ್ಳೆಯ ಉಕ್ಕು ಕೂಡ. ಆದರೆ ಈ ಕೆಲಸಕ್ಕೆ ಬಹಳ ತೆಳುವಾಯಿತು, ಬೇಲ್ ಅರ್ಧಕ್ಕೆ ಬಂದು ನಿಂತಿತು. ಆಮೇಲೆ ಸ್ಪ್ರಿಂಗ್ ಮಾಡುವ ಒಂದು ಸಣ್ಣ ವರ್ಕ್‌ಶಾಪಿಗೆ ಉಳಿದ ತುಂಡನ್ನು ಕೊಟ್ಟೆ. ವಾರದ ನಂತರ ಹತ್ತು ಸ್ಪ್ರಿಂಗುಗಳು ಸಿದ್ಧವಾಗಿ ಬಂದವು, ನೋಡಲು ಅಚ್ಚುಕಟ್ಟಾಗಿದ್ದವು, ಆದರೆ ಒಂದೂ ಕೆಲಸ ಮಾಡಲಿಲ್ಲ. ಎರಡು ಸಂಜೆ ತಲೆ ಕೆಡಿಸಿಕೊಂಡ ಮೇಲೆ, ನಲವತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರ ಮುಂದೆ ಹಳೆಯದನ್ನೂ ಹೊಸದನ್ನೂ ಇಟ್ಟೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಕ್ಷಣ ನೋಡಿ, “ಸ್ವಾಮಿ, ಇದು ಎಡಕ್ಕೆ ಸುತ್ತಿರೋದು, ಅವರು ಬಲಕ್ಕೆ ಸುತ್ತಿ ಕೊಟ್ಟವ್ರೆ. ಬಿಗಿಯಾಗ್ಬೇಕಾದ ಕಡೆ ಇದು ಬಿಚ್ಕೊಳ್ತದೆ” ಎಂದರು. ತಿರುಚಿನಿಂದ ಕೆಲಸ ಮಾಡುವ ಸ್ಪ್ರಿಂಗಿಗೆ ಸುತ್ತಿನ ದಿಕ್ಕೇ ಮುಖ್ಯ ಎಂಬುದು ಫಿಟ್ಟರ್ ಆಗಿದ್ದ ನನಗೆ ತಿಳಿಯದ ವಿಷಯವಲ್ಲ. ಕೊಡುವಾಗ ಬಾಯಿ ಬಿಟ್ಟು ಹೇಳದೇ ಇದ್ದದ್ದು ನನ್ನ ತಪ್ಪು.

ಮೂರನೆಯ ಸಲ ದಿಕ್ಕು ಸರಿಯಾಯಿತು, ತಂತಿ ದಪ್ಪವಾಯಿತು. ಬೇಲ್ ಎಷ್ಟು ಜೋರಾಗಿ ಮುಚ್ಚುತ್ತಿತ್ತೆಂದರೆ ಎಸೆತದ ಅದುರಿಗೇ ನಡುವೆ ಬಿದ್ದು ದಾರವನ್ನು ಹಿಡಿದುಬಿಡುತ್ತಿತ್ತು, ಒಮ್ಮೆ ದಾರ ಕಡಿದು ಸೀಸದ ಗುಂಡು ಪಕ್ಕದ ಕಬ್ಬಿನ ಗದ್ದೆಗೆ ಹಾರಿತು. ಅಲ್ಲಿ ಯಾರೂ ಇರಲಿಲ್ಲವೆಂಬುದೇ ಸಮಾಧಾನ. ಅಂದಿಗೆ ಸ್ಪ್ರಿಂಗ್ ಮಾಡಿಸುವ ಪ್ರಯತ್ನವನ್ನು ನಿಲ್ಲಿಸಿದೆ. ಹೊರದೇಶದಿಂದ ತರಿಸಲು ಹೋದರೆ ಅಂಚೆಯ ವೆಚ್ಚವೇ ರೀಲಿನ ಬೆಲೆಯನ್ನು ಮೀರುತ್ತಿತ್ತು. ಕೊನೆಗೆ ಹಿಡಿ ಮುರಿದ ಇನ್ನೊಂದು ಮಿಚೆಲ್ 300 ಅನ್ನು ಬಿಡಿಭಾಗಕ್ಕೆಂದೇ 1,800 ರೂಪಾಯಿಗೆ ಕೊಂಡು ಅದರ ಸ್ಪ್ರಿಂಗನ್ನು ಇದಕ್ಕೆ ಹಾಕಿದೆ. ವರ್ಕ್‌ಶಾಪಿಗೆ ಕೊಟ್ಟದ್ದು, ಬಸ್ಸಿನ ಖರ್ಚು ಎಲ್ಲವನ್ನೂ ಕೂಡಿಸಿದರೆ ಅಂಬಾಸಡರ್‌ನ ಬೆಲೆಗೆ ಮುಟ್ಟುತ್ತದೆ. ಈಗಿರುವ ಸ್ಪ್ರಿಂಗೂ ಅಷ್ಟೇ ಹಳೆಯದು.

ಹಾರ್ಡಿ ಸೈಲೆಕ್ಸ್ ಬಗ್ಗೆ ಕೇಳುವವರಿಗೆ ಒಂದು ಮಾತು. ಇಂಗ್ಲೆಂಡಿನ ಆನಿಕ್ ಊರಿನ ಹಾರ್ಡಿ ಸೋದರರು 1896ರಲ್ಲಿ ತಂದ ಆ ರೀಲಿನ ಒಂದು ಪ್ರತಿಯನ್ನು ಅದೇ ಕೊಡಗಿನ ತೋಟದ ಮನೆಯಲ್ಲಿ ಕೈಯಲ್ಲಿ ಹಿಡಿದು ನೋಡಿದ್ದೇನೆ. ಅಂಥ ಕೆಲಸಗಾರಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ, ಆದರೆ ಅವರು ಹೇಳಿದ ಬೆಲೆ ನನ್ನ ಎರಡು ತಿಂಗಳ ಪಿಂಚಣಿಗಿಂತ ಹೆಚ್ಚಿತ್ತು. ಫಿಲಡೆಲ್ಫಿಯಾದ ಪೆನ್ ರೀಲುಗಳು ಗಟ್ಟಿ, ಅಗ್ಗ, ಸಮುದ್ರಕ್ಕೆ ಮಾಡಿದವು. ನಮ್ಮ ಕೆರೆಗಳಿಗೆ ಅತಿಯಾದ ಭಾರ.

ಈ ಭಾಗದಲ್ಲಿ ಇಂಥ ರೀಲುಗಳು ಸಿಗುವುದಕ್ಕೆ ಕಾವೇರಿ, ಕಬಿನಿಗಳ ಬಿಳಿಮೀನು, ಅಂದರೆ ಮಹಶೀರ್, ಕಾರಣ. ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಅವರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಅಂಥ ಮೀನನ್ನು ನೆನೆದು ರೀಲು ಕೊಂಡವರ ಮನೆಗಳಿಂದಲೇ ಇವು ಈಗ ಹೊರಬರುತ್ತಿವೆ. ಕಾವೇರಿಯ ಗೂನುಬೆನ್ನಿನ ಮಹಶೀರ್ ಇಂದು ಅಳಿವಿನ ತೀರಾ ಅಂಚಿನಲ್ಲಿದೆ. ಅದರ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಖಚಿತವಾದದ್ದೇ 2018ರಲ್ಲಿ. ಆದ್ದರಿಂದ ನಾನು ನದಿಗೆ ಗಾಳ ಹಾಕುವುದಿಲ್ಲ. ಗದ್ದೆಯಲ್ಲಿ ಸೀಸ ಎಸೆಯುತ್ತೇನೆ, ಪರಿಚಯದವರ ಸಾಕಣೆ ಹೊಂಡದಲ್ಲಿ ಅನುಮತಿ ಪಡೆದು ವರ್ಷಕ್ಕೆ ನಾಲ್ಕೈದು ಸಲ ಕಾಟ್ಲಾ ಹಿಡಿಯುತ್ತೇನೆ.

ಎರಡಕ್ಕೂ ಸಮನಾಗಿ ಅನ್ವಯಿಸುವ ಒಂದು ಮಾತಿದೆ. ಅಂಬಾಸಡರ್‌ನ ಪಕ್ಕದ ತಟ್ಟೆಗಳ ಬಣ್ಣ ಆನೊಡೈಜ್ ಮಾಡಿದ ಅಲ್ಯೂಮಿನಿಯಮ್ಮಿನದು. ಅದಕ್ಕೆ ಹಿತ್ತಾಳೆ ಬೆಳಗುವ ಪುಡಿಯನ್ನಾಗಲಿ, ಕಾಸ್ಟಿಕ್ ಸೋಡಾದ ನೀರನ್ನಾಗಲಿ ಮುಟ್ಟಿಸಿದರೆ ಬಣ್ಣ ಹೋಗುತ್ತದೆ, ಮತ್ತೆ ಬರುವುದಿಲ್ಲ. ಸಾಬೂನಿನ ಬೆಚ್ಚನೆಯ ನೀರು, ಹತ್ತಿ ಬಟ್ಟೆ, ಕೊನೆಗೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಸಾಕು. ಮಿಚೆಲ್‌ನ ಕಪ್ಪು ಬಣ್ಣವೂ ತಿಕ್ಕಿದಷ್ಟು ಮೌಲ್ಯ ಕಳೆದುಕೊಳ್ಳುತ್ತದೆ. ಚರ್ಮದ ಪೆಟ್ಟಿಗೆ ಎಷ್ಟೇ ಚೆನ್ನಾಗಿದ್ದರೂ ರೀಲನ್ನು ಅದರೊಳಗೆ ಇಡಬಾರದು, ಮಳೆಗಾಲದಲ್ಲಿ ಚರ್ಮ ತೇವ ಹಿಡಿದು ಹಿತ್ತಾಳೆಗೆ ಹಸಿರು ಕಿಲುಬು ಹತ್ತುತ್ತದೆ. ನಾನು ಪೆಟ್ಟಿಗೆಯನ್ನು ಒಂದು ಅರೆಯಲ್ಲೂ ರೀಲನ್ನು ಇನ್ನೊಂದರಲ್ಲೂ ಇಟ್ಟಿದ್ದೇನೆ.

ಬಲಗೈಯಲ್ಲಿ ಎಸೆದು ಎಡಗೈಯಲ್ಲಿ ಸುತ್ತುವವರಿಗೆ, ಹಗುರವಾದ ದಾರ ಮತ್ತು ಚಿಕ್ಕ ಮೀನು ಇಷ್ಟಪಡುವವರಿಗೆ, ರೀಲನ್ನು ಪದೇ ಪದೇ ಬಿಚ್ಚುವ ಆಸೆ ಇಲ್ಲದವರಿಗೆ ಮಿಚೆಲ್ 300 ಸರಿಯಾದ ಆಯ್ಕೆ. ಕೊಳ್ಳುವಾಗ ಬೇಲನ್ನು ಇಪ್ಪತ್ತು ಸಲ ತೆರೆದು ಮುಚ್ಚಿ ನೋಡಿ, ಸಾಧ್ಯವಾದರೆ ಅಂದೇ ಬಿಡಿ ಸ್ಪ್ರಿಂಗ್ ಸಮೇತ ಕೊಳ್ಳಬೇಕು. ಬಲಗೈಯಲ್ಲಿ ಸುತ್ತುವವರು ಕೇಳಬೇಕಾದದ್ದು 301. ನನ್ನದು ವರ್ಷಕ್ಕೊಂದು ರೀಲಿನ ಬಜೆಟ್ಟು, ಕೈಗೆ ಸಿಕ್ಕಿದ್ದನ್ನು ಬಿಚ್ಚುವ ಚಾಳಿ, ಚೀಟಿಯ ಮೇಲೆ ತಿಂಗಳು ಸಮೇತ ವರ್ಷ ಬರೆಯುವ ಆಸೆ. ಇವು ಮೂರಕ್ಕೂ ಅಂಬಾಸಡರ್ ಒಗ್ಗುತ್ತದೆ.

ಈ ವರ್ಷದ ಹಣ ಒಂದು ಕೆಂಪು 5000ಕ್ಕೆ ಮೀಸಲು. ಕಾಲಿನ ತಳದಲ್ಲಿ ಸಂಖ್ಯೆ ಇಲ್ಲದ, ಅಂದರೆ ನನ್ನ ರೀಲಿಗಿಂತ ಹಿಂದಿನ ಒಂದು ರೀಲು ಮಡಿಕೇರಿಯ ಕಡೆ ಇದೆ ಎಂದು ತಿಳಿದಿದೆ. ಮಾಲೀಕರಿಗೆ ಫೋನ್ ಮಾಡಿ ಬೆಲೆ ಕೇಳುವ ಮೊದಲೇ ಒಂದು ವಿನಂತಿ ಮಾಡಿಕೊಂಡೆ: ನಾನು ಬಂದು ನೋಡುವವರೆಗೆ ಅದನ್ನು ದಯವಿಟ್ಟು ಬೆಳಗಬೇಡಿ.