‘ನೈಸರ್ಗಿಕ’ ಎಂದು ಬರೆದ ಧೂಪದ ಪೆಟ್ಟಿಗೆಯನ್ನು ಮನೆಗೆ ತರುವ ಮುನ್ನ

ಕಲಬುರಗಿಯಲ್ಲಿ ಜಾತ್ರೆ, ಉರುಸು, ವಸ್ತುಪ್ರದರ್ಶನಗಳ ಕಾಲಕ್ಕೆ ‘ಕೈಯಿಂದ ಮಾಡಿದ ನೈಸರ್ಗಿಕ ಧೂಪ’ ಎಂಬ ಹೆಸರಿನ ಪೆಟ್ಟಿಗೆಗಳು ಸಾಲುಸಾಲಾಗಿ ಮಾರಾಟಕ್ಕೆ ಬರುತ್ತವೆ. ಮನೆಯಲ್ಲಿ ಆಸ್ತಮಾ ಇರುವ ಹಿರಿಯರಾಗಲಿ ಎಳೆಯ ಮಕ್ಕಳಾಗಲಿ ಇರುವವರು ಅವನ್ನು ಕೊಳ್ಳುವ ಮೊದಲು ಈ ಬರಹವನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ. ಅಂಥ ಒಂದು ಪೆಟ್ಟಿಗೆಯ ಹೊಗೆಯಿಂದಾಗಿ ನನ್ನ ಅತ್ತೆಯವರನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸಬೇಕಾಯಿತು.

ನಗರದ ಒಂದು ಪ್ರದರ್ಶನದಲ್ಲಿ ನಾನು ಕೊಂಡ ಪೆಟ್ಟಿಗೆಯಲ್ಲಿ ನಾಲ್ಕು ಬಗೆಯ ಮಿಶ್ರಣಗಳಿದ್ದವು: ಶ್ರೀಗಂಧದ ಬತ್ತಿ, ಗುಗ್ಗುಳ ಮತ್ತು ಲೋಬಾನ ಬೆರೆಸಿದ ಧೂಪ, ಕಮಲದ ಬತ್ತಿ, ಬೇವು ಮತ್ತು ಮಜ್ಜಿಗೆಹುಲ್ಲಿನ ಬತ್ತಿ. ರಾಸಾಯನಿಕವೇ ಇಲ್ಲ, ಅಜ್ಜಿಯ ಕಾಲದ ವಿಧಾನ, ಇದ್ದಿಲು ಮುಟ್ಟಿಲ್ಲ ಎಂದು ಮಾರುವವರು ಮತ್ತೆ ಮತ್ತೆ ಹೇಳಿದರು. ಪೆಟ್ಟಿಗೆಯ ಮೇಲೂ ಅದನ್ನೇ ಅಚ್ಚು ಹಾಕಿಸಿದ್ದರು. ಆದರೆ ಯಾವ ಬತ್ತಿಯಲ್ಲಿ ಏನೇನು ಇದೆ ಎಂಬ ವಿವರವಾಗಲಿ, ತಯಾರಕರ ಪೂರ್ಣ ವಿಳಾಸವಾಗಲಿ, ತಯಾರಾದ ತಿಂಗಳಾಗಲಿ ಅದರ ಮೇಲೆ ಎಲ್ಲಿಯೂ ಇರಲಿಲ್ಲ. 2011ರ ಪೊಟ್ಟಣ ಸರಕುಗಳ ನಿಯಮಗಳ ಪ್ರಕಾರ ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ಪ್ರಮಾಣ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಸಂಪರ್ಕ ವಿವರ ಇವೆಲ್ಲವೂ ಪೊಟ್ಟಣದ ಮೇಲೆ ಇರಲೇಬೇಕು. ಇವು ಇಲ್ಲದ ಪೆಟ್ಟಿಗೆಯನ್ನು ಅದರ ಪರಿಮಳ ಎಷ್ಟೇ ಚೆನ್ನಾಗಿದ್ದರೂ ಅಲ್ಲಿಯೇ ಬಿಟ್ಟು ಬರುವುದು ಲೇಸು.

ನಮ್ಮ ಕಡೆಯ ಬೇಸಿಗೆ ಎಲ್ಲರಿಗೂ ಗೊತ್ತಿರುವುದೇ. ಬಿಸಿಗಾಳಿ ಒಳಗೆ ಬಾರದಿರಲೆಂದು ಮಧ್ಯಾಹ್ನದಿಂದಲೇ ಕಿಟಕಿ ಬಾಗಿಲುಗಳನ್ನು ಮುಚ್ಚಿಕೊಂಡು ಇರುತ್ತೇವೆ. ಅಂಥ ಒಂದು ಸಂಜೆ ದೇವರ ಮುಂದೆ ಲೋಬಾನದ ಧೂಪವನ್ನು ಹಚ್ಚಿದೆ. ಮೊದಲು ಕಪ್ಪು ಮಸಿಯಂಥ ದಟ್ಟ ಹೊಗೆ ಎದ್ದಿತು, ಅದರ ಹಿಂದೆಯೇ ಮೂಗನ್ನು ಚುಚ್ಚುವ ವಾಸನೆ ಬಂತು. ಒಳಕೋಣೆಯಲ್ಲಿ ಮಲಗಿದ್ದ ಅತ್ತೆಯವರು “ಯವ್ವಾ, ಏನು ಹಚ್ಚೀದಿ, ಗಂಟಲಾಗ ಮೆಣಸಿನಕಾಯಿ ಸುಟ್ಟಂಗ ಆಗ್ಲಕತ್ತದ” ಎಂದು ಕೂಗಿದರು. ಕೂಡಲೇ ಧೂಪವನ್ನು ಹೊರಗಿಟ್ಟು ಬಾಗಿಲುಗಳನ್ನು ತೆರೆದೆವು. ಆದರೂ ಕೆಮ್ಮು ನಿಲ್ಲಲಿಲ್ಲ, ರಾತ್ರಿಯ ಹೊತ್ತಿಗೆ ಉಬ್ಬಸ ಶುರುವಾಗಿ ಮಾತನಾಡಲಿಕ್ಕೂ ಆಗದಂತಾಯಿತು. ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಇಟ್ಟು ಆಮ್ಲಜನಕ ಕೊಟ್ಟ ಬಳಿಕವೇ ಅವರು ಚೇತರಿಸಿಕೊಂಡದ್ದು. ಮೊದಲೇ ಆಸ್ತಮಾ ಇರುವವರಿಗೆ ಈ ಹೊಗೆ ಕೆರಳಿಸುವಂಥದ್ದು, ಮುಚ್ಚಿದ ಮನೆಯಲ್ಲಿ ಇನ್ನು ಇದನ್ನು ಹಚ್ಚಲೇಬಾರದು ಎಂದು ವೈದ್ಯರು ಹೇಳಿದರು.

ಧೂಪದ ಗುಟ್ಟು ತಿಳಿದದ್ದು ನಮ್ಮ ಓಣಿಯಲ್ಲಿ ಟಿ.ವಿ. ರಿಪೇರಿ ಮಾಡುವವರಿಂದ. ಉಳಿದ ತುಂಡನ್ನು ಮೂಸಿ, ಮೂಲೆಗೆ ಕಡ್ಡಿ ಗೀರಿ ನೋಡಿದ ಅವರು “ಅಕ್ಕಾರ, ಇದು ಲೋಬಾನ ಅಲ್ರಿ, ನಾವು ಬೆಸುಗಿ ಹಾಕಲಿಕ್ಕೆ ಹಚ್ಚತೀವಲ್ಲ, ಆ ಬಿರೋಜಾ ವಾಸನಿ ಅದ” ಎಂದರು. ಬಿರೋಜಾ ಎಂದರೆ ರೋಸಿನ್. ಪೈನ್ ಮರದ ಅಂಟಿನಿಂದ ಟರ್ಪೆಂಟೈನ್ ಎಣ್ಣೆಯನ್ನು ಬಟ್ಟಿ ಇಳಿಸಿದ ಮೇಲೆ ಉಳಿಯುವ, ಗಾಜಿನಂತೆ ಹೊಳೆಯುವ ಹಳದಿ ಗಟ್ಟಿ ಅದು. ಬಿಸಿಯಾದ ರೋಸಿನ್‌ನ ಹೊಗೆಯನ್ನು ನಿತ್ಯ ಉಸಿರಾಡುವ ಕೆಲಸಗಾರರಿಗೆ ಆಸ್ತಮಾ ಬರಬಹುದು ಎಂಬುದು ವೈದ್ಯಲೋಕಕ್ಕೆ ಚೆನ್ನಾಗಿ ತಿಳಿದ ಸಂಗತಿ. ಅದು ಮರದಿಂದಲೇ ಬಂದದ್ದಾದ್ದರಿಂದ ‘ನೈಸರ್ಗಿಕ’ ಎಂಬ ಮಾತು ಅಕ್ಷರಶಃ ಸುಳ್ಳಲ್ಲ ಎಂದು ಮಾರುವವರು ವಾದಿಸಬಹುದು. ನನ್ನನ್ನು ಹೆಚ್ಚು ಕೆರಳಿಸಿದ್ದು ಇದೇ. ಲೋಬಾನವೆಂದು ದುಡ್ಡು ತೆಗೆದುಕೊಂಡು ಬಿರೋಜಾ ಕೊಡುವುದು ಮೋಸ, ಅದು ಯಾವ ಮರದಿಂದ ಬಂದಿದ್ದರೂ ಮೋಸವೇ.

ನಿಜವಾದ ಲೋಬಾನ ಸುಮಾತ್ರಾ, ಲಾವೋಸ್ ಕಡೆಯ ಸ್ಟೈರಾಕ್ಸ್ ಮರಗಳ ಅಂಟು. ಕೆಂಡದ ಮೇಲೆ ಹಾಕಿದಾಗ ಅದರಿಂದ ಬಿಳಿ ಹೊಗೆ ಏಳುತ್ತದೆ, ವಾಸನೆಯಲ್ಲಿ ವೆನಿಲ್ಲಾದ ಸಣ್ಣ ಸಿಹಿ ಇರುತ್ತದೆ. ಬಂದೇನವಾಜರ ದರ್ಗಾದ ಸುತ್ತ ಓಡಾಡಿ ಬೆಳೆದವರ ಮೂಗಿಗೆ ಆ ಪರಿಮಳವನ್ನು ಪರಿಚಯಿಸಬೇಕಾಗಿಲ್ಲ. ಗುಗ್ಗುಳವು ರಾಜಸ್ಥಾನ ಮತ್ತು ಗುಜರಾತಿನ ಒಣನೆಲದ ಗಿಡದಿಂದ ಬರುತ್ತದೆ. ಅಂಟಿಗಾಗಿ ವಿಪರೀತ ಗಾಯ ಮಾಡಿದ್ದರಿಂದ ಆ ಗಿಡವೀಗ ಅಳಿವಿನ ತೀವ್ರ ಅಪಾಯದಲ್ಲಿರುವ ಜಾತಿಗಳ ಪಟ್ಟಿ ಸೇರಿದೆ. ಹೀಗಿರುವಾಗ ಅಗ್ಗದ ಪೆಟ್ಟಿಗೆಯಲ್ಲಿ ಅದು ಧಾರಾಳವಾಗಿ ಸಿಗುತ್ತದೆ ಎಂದರೆ ಅನುಮಾನ ಪಡಲೇಬೇಕು.

ಶ್ರೀಗಂಧದ ಲೆಕ್ಕವೂ ಹೀಗೆಯೇ. ಶುದ್ಧ ಗಂಧದ ಎಣ್ಣೆ ಕಿಲೋಗೆ ಲಕ್ಷ ರೂಪಾಯಿಗೂ ಮೇಲೆ ಇದೆ. ಒಂದು ಕಿಲೋ ಗುಲಾಬಿ ಎಣ್ಣೆಗೆ ಮೂರು ನಾಲ್ಕು ಸಾವಿರ ಕಿಲೋ ಪಕಳೆಗಳು ಬೇಕು, ಕಮಲದ ಎಣ್ಣೆಯಂತೂ ಸಾಮಾನ್ಯರ ಕೈಗೆ ಸಿಗುವಂಥದ್ದಲ್ಲ. ಆದ್ದರಿಂದ ಹತ್ತಿಪ್ಪತ್ತು ರೂಪಾಯಿಯ ಕಮಲದ ಬತ್ತಿ ಕಾರ್ಖಾನೆಯ ಸುಗಂಧದ್ದೇ ಎಂದು ತಿಳಿಯಬೇಕು. ಕಾರ್ಖಾನೆಯ ಸುಗಂಧವೆಲ್ಲವೂ ವಿಷವೆಂದು ನಾನು ಹೇಳುತ್ತಿಲ್ಲ, ಅದನ್ನು ಮುಚ್ಚಿಟ್ಟು ಮಾರುವುದಕ್ಕೆ ನನ್ನ ವಿರೋಧ. ನಾನು ಕೊಂಡ ಗಂಧದ ಬತ್ತಿಯನ್ನು ಬಿಳಿ ಕಾಗದದ ಮೇಲೆ ಒಂದು ರಾತ್ರಿ ಇಟ್ಟಾಗ ಎಣ್ಣೆಯ ಕಲೆ ಮೂಡಿತು, ಬತ್ತಿಯನ್ನು ಮುರಿದಾಗ ಒಳಗೆ ಇದ್ದಿಲಿನ ಕಪ್ಪು ಕಂಡಿತು. ಇದ್ದಿಲು, ಮರದ ಹೊಟ್ಟು ಮತ್ತು ಜಿಗಟಿನಿಂದ ವಾಸನೆಯಿಲ್ಲದ ಕಚ್ಚಾಬತ್ತಿ ಹೊಸೆದು, ಡೈಈಥೈಲ್ ಥಾಲೇಟ್ ಎಂಬ ರಾಸಾಯನಿಕ ದ್ರವದಲ್ಲಿ ಅಥವಾ ಬಿಳಿ ಎಣ್ಣೆಯಲ್ಲಿ (ಶುದ್ಧೀಕರಿಸಿದ ಖನಿಜ ಎಣ್ಣೆ) ಕರಗಿಸಿದ ಸುಗಂಧದಲ್ಲಿ ಅದ್ದಿ ತೆಗೆಯುವುದು ಈ ವ್ಯಾಪಾರದಲ್ಲಿ ತೀರ ಸಾಮಾನ್ಯ. ಮಸಾಲೆ ಬತ್ತಿಯ ರೀತಿಯೇ ಬೇರೆ. ಅದರಲ್ಲಿ ಗಂಧದ ಪುಡಿ, ಬೇರು, ಹಾಲುಮಡ್ಡಿಯಂಥ ಅಂಟುಗಳನ್ನು ಕಣಕದಲ್ಲಿಯೇ ಕಲಸಿರುತ್ತಾರೆ. ಹಚ್ಚುವ ಮುಂಚೆ ಅದರ ವಾಸನೆ ಮೆಲುವಾಗಿರುತ್ತದೆ, ಹಚ್ಚಿದ ಮೇಲೆ ಬದಲಾಗುತ್ತ ಹೋಗುತ್ತದೆ. ಪ್ಲಾಸ್ಟಿಕ್ ಹೊದಿಕೆಯನ್ನು ದಾಟಿ ಮಾರು ದೂರಕ್ಕೆ ಘಮ್ಮೆನ್ನುವ ಬತ್ತಿಯನ್ನು ಕಂಡರೆ ನಾನೀಗ ಹತ್ತಿರವೂ ಹೋಗುವುದಿಲ್ಲ.

ಬೇವಿನ ಬತ್ತಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಆಸ್ಪತ್ರೆಯ ಪ್ರಸಂಗಕ್ಕೆ ಮೊದಲು ಅದನ್ನು ಅಂಗಳದಲ್ಲಿ ಹಚ್ಚಿದಾಗ ಸೊಳ್ಳೆಗಳು ದೂರ ಸರಿಯುವ ಬದಲು ಫರಸಿಯ ಮೇಲೆ ಪಟಪಟನೆ ಬಿದ್ದು ಸತ್ತವು. ಬರೀ ಬೇವಿನೆಲೆಯ ಹೊಗೆಗೆ ಹಾಗೆ ಬಿದ್ದು ಸಾಯುವುದನ್ನು ನಾನು ಎಂದೂ ಕಂಡಿಲ್ಲ. ಸೊಳ್ಳೆ ಓಡಿಸುವ ಬತ್ತಿಗಳಲ್ಲಿ ಅನುಮತಿಯಿಲ್ಲದ ಕೀಟನಾಶಕಗಳನ್ನು ಸೇರಿಸಿ ಮಾರುವುದು ನಮ್ಮ ದೇಶದಲ್ಲಿ ಹೊಸದೇನಲ್ಲ. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಅಂಥ ಉತ್ಪನ್ನಕ್ಕೆ ನೋಂದಣಿ ಬೇಕು, ನೋಂದಣಿ ಸಂಖ್ಯೆ ಪೊಟ್ಟಣದ ಮೇಲೆ ಕಾಣಬೇಕು. 2025ರ ಡಿಸೆಂಬರ್‌ನಲ್ಲಿ ಭಾರತೀಯ ಮಾನಕ ಬ್ಯೂರೋ ಅಗರಬತ್ತಿಗಳಿಗಾಗಿಯೇ ಪ್ರಕಟಿಸಿದ ಐಎಸ್ 19412 ಎಂಬ ಮಾನದಂಡವು ಅಲೆಥ್ರಿನ್, ಪರ್ಮೆಥ್ರಿನ್, ಸೈಪರ್ಮೆಥ್ರಿನ್, ಡೆಲ್ಟಾಮೆಥ್ರಿನ್, ಫಿಪ್ರೋನಿಲ್‌ನಂಥ ಕೀಟನಾಶಕಗಳನ್ನು ಬತ್ತಿಗೆ ಸೇರಿಸಬಾರದೆಂದು ಹೇಳುತ್ತದೆ. ಸಂಖ್ಯೆಯೂ ಇಲ್ಲ, ವಿವರವೂ ಇಲ್ಲ, ಸೊಳ್ಳೆ ಮಾತ್ರ ಕ್ಷಣದಲ್ಲಿ ಸಾಯುತ್ತದೆ ಎಂದಾದರೆ ಅಂಥ ಬತ್ತಿಯನ್ನು ತೊಟ್ಟಿಲಿರುವ ಮನೆಯಲ್ಲಿ ದಯವಿಟ್ಟು ಹಚ್ಚಬೇಡಿ.

ಪರಿಮಳದ ಮೇಲಿನ ಪ್ರೀತಿ ನನಗೆ ಇನ್ನೂ ಹೋಗಿಲ್ಲ. ಈಗ ಲಾವಂಚದ ಬೇರು, ಗಂಧದ ಚಕ್ಕೆ, ಒಣಗಿದ ದವನ, ಇಡೀ ತುಂಡಿನ ಲೋಬಾನ ಇವನ್ನು ಅತ್ತಾರರ ಅಂಗಡಿಯಿಂದ ಬಿಡಿಯಾಗಿ ತಂದು, ಒಂದೊಂದನ್ನೂ ಮೊದಲು ಕೈಯಲ್ಲಿ ಉಜ್ಜಿ ಮೂಸಿ, ಆಮೇಲೆ ಚಿಟಿಕೆಯಷ್ಟನ್ನು ಅಂಗಳದಲ್ಲಿ ಕೆಂಡದ ಮೇಲೆ ಹಾಕಿ ನೋಡುತ್ತೇನೆ. ಲಾವಂಚಕ್ಕೆ ಮಳೆ ಬಿದ್ದ ನೆಲದ ತಂಪು ವಾಸನೆಯಿದೆ, ಅದಕ್ಕೆ ಗಂಧ ಸೇರಿದಾಗ ಹೊಗೆ ಬಹಳ ಹಿತವಾಗುತ್ತದೆ. ಆದರೆ ಎಷ್ಟೇ ಶುದ್ಧವಾಗಿದ್ದರೂ ಹೊಗೆ ಹೊಗೆಯೇ. ಅದರಲ್ಲಿ ಶ್ವಾಸಕೋಶದ ಆಳಕ್ಕೆ ಇಳಿಯುವ ಸೂಕ್ಷ್ಮ ಕಣಗಳು ಇದ್ದೇ ಇರುತ್ತವೆ. ಆದಕಾರಣ ಅತ್ತೆಯವರ ಕೋಣೆಯ ಕಡೆಗೆ ಗಾಳಿ ಬೀಸುತ್ತಿರುವಾಗ ನಾನು ಏನನ್ನೂ ಹಚ್ಚುವುದಿಲ್ಲ, ದೇವರಿಗೆ ಹೂವು ಮತ್ತು ದೀಪವಷ್ಟೇ.

ಪೆಟ್ಟಿಗೆಯ ಮೇಲಿದ್ದ ಮೊಬೈಲ್ ಸಂಖ್ಯೆಗೆ ಕರೆ ಮಾಡಿದರೆ ಅದು ಬಂದ್ ಆಗಿದೆ. ಉಳಿದ ಬತ್ತಿಗಳು, ಖಾಲಿ ಪೆಟ್ಟಿಗೆ, ದುಡ್ಡು ಕಟ್ಟಿದ ಫೋನಿನ ದಾಖಲೆ ಮತ್ತು ಆಸ್ಪತ್ರೆಯ ಚೀಟಿಗಳನ್ನು ಒಂದೆಡೆ ಎತ್ತಿಟ್ಟು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವ ದಾರಿಯಿದೆ, ಐದು ಲಕ್ಷ ರೂಪಾಯಿವರೆಗಿನ ಪ್ರಕರಣಗಳಿಗೆ ಅಲ್ಲಿ ಶುಲ್ಕವಿಲ್ಲ. ಇಂಥದ್ದೇ ನಾಲ್ಕು ಮಿಶ್ರಣಗಳ ಪೆಟ್ಟಿಗೆಯನ್ನು ನೀವೂ ಕೊಂಡಿದ್ದರೆ ಉಳಿದದ್ದನ್ನು ಎಸೆಯದೆ ಗಾಳಿಯಾಡದ ಚೀಲದಲ್ಲಿ ಕಟ್ಟಿಟ್ಟು ಅದೇ ಸಂಖ್ಯೆಗೆ ಕರೆ ಮಾಡಿ.