ಮೂರು ವರ್ಷ, 41,000 ಕಿಲೋಮೀಟರ್: ಹೊಸ ಕಾರಿನ ಬಣ್ಣಕ್ಕೆ ಮಾಡಿಸಿದ್ದು ಮತ್ತು ಉಳಿದದ್ದು

ಕಾರು ತಗೊಂಡಿದ್ದು 2022ರ ಆಗಸ್ಟ್‌ನಲ್ಲಿ. ಕಡುನೀಲಿ ಬಣ್ಣ. ಬಾನೆಟ್, ಮುಂದಿನ ಬಂಪರ್, ಹೆಡ್‌ಲೈಟ್, ಪಕ್ಕದ ಕನ್ನಡಿಗಳ ಬೆನ್ನು, ಬಾಗಿಲ ಅಂಚು ಮತ್ತು ಹಿಡಿಕೆಯ ಗುಳಿಗಳಿಗೆ ಪಿಪಿಎಫ್, ಅಂದರೆ ಬಣ್ಣ ಕಾಯುವ ಪಾರದರ್ಶಕ ಫಿಲ್ಮ್, ಹಾಕಿಸಿದೆ. ಉಳಿದ ಮೈಗೆಲ್ಲ ಸೆರಾಮಿಕ್ ಕೋಟಿಂಗ್, ಅಂದರೆ ಸವರಿದ ಮೇಲೆ ಗಟ್ಟಿಯಾಗುವ ತೆಳು ಲೇಪ. ಫಿಲ್ಮಿಗೆ 38,000, ಕೋಟಿಂಗಿಗೆ 16,000, ಒಟ್ಟು 54,000 ರೂಪಾಯಿ. ಮೊದಲ ತಿಂಗಳಲ್ಲಿ ಯಾವ ಕೋಟಿಂಗ್ ಆದರೂ ಕನ್ನಡಿಯಂತೆ ಹೊಳೆಯುತ್ತದೆ, ಹಾಗಾಗಿ ಆಗ ಏನೂ ಬರೆಯಲಿಲ್ಲ. ಮೂರು ಮಳೆಗಾಲ ಕಳೆದಿದೆ. ಈಗ ಹೇಳಬಹುದು.

ಇಷ್ಟು ತಲೆಕೆಡಿಸಿಕೊಳ್ಳಲು ಕಾರಣ ಹಿಂದಿನ ಕಾರು. ಅದು ಕಪ್ಪು. ಅಪಘಾತವಿಲ್ಲ, ಒಂದು ದೊಡ್ಡ ಗೀರೂ ಇರಲಿಲ್ಲ. ಆದರೂ ಐದನೇ ವರ್ಷಕ್ಕೆ ಬಿಸಿಲಲ್ಲಿ ನಿಲ್ಲಿಸಿದರೆ ಬಾನೆಟ್ ತುಂಬ ಜೇಡರಬಲೆಯಂತೆ ಸಣ್ಣ ಸಣ್ಣ ಸುತ್ತು ಗೀರುಗಳು. ಕಂತು ಕಟ್ಟಿ, ದುಡಿದ ದುಡ್ಡಿನಲ್ಲಿ ಕೊಂಡ ವಸ್ತು ಹಾಗೆ ಮಂಕಾಗಿ ನಿಂತದ್ದು ಕಂಡಾಗ ನಿಜವಾಗಿ ಬೇಜಾರಾಗಿತ್ತು. ಈ ಸಲ ಹಾಗಾಗಬಾರದು ಅಂತ ಕಾರು ಬುಕ್ ಮಾಡಿದ ದಿನದಿಂದಲೇ ಓದಲು ಶುರುಮಾಡಿದೆ.

ನಾವು ಪೇಂಟು ಅನ್ನುವುದು ನಾಲ್ಕು ಪದರ. ತುಕ್ಕು ಹಿಡಿಯದಂತೆ ತಗಡಿಗೆ ವಿದ್ಯುತ್ ಹಾಯಿಸಿ ಹಿಡಿಸಿದ ಪದರ, ಮೇಲೆ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ನಾಲ್ಕೂ ಸೇರಿ ಸುಮಾರು 100ರಿಂದ 150 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಅದರಲ್ಲಿ ಕ್ಲಿಯರ್ ಕೋಟ್ 35ರಿಂದ 50 ಮೈಕ್ರಾನ್ ಅಷ್ಟೇ, ತಲೆಗೂದಲಿಗಿಂತ ತೆಳು. ಹೊಳಪು, ಸುತ್ತು ಗೀರು, ಹಕ್ಕಿ ಹಿಕ್ಕೆಯ ಕಲೆ ಎಲ್ಲವೂ ಇರುವುದು ಇದರಲ್ಲೇ. ಗೀರು ತೆಗೆಯಲು ಪಾಲಿಶ್ ಮಾಡಿಸಿದಾಗಲೆಲ್ಲ ಸವೆಯುವುದೂ ಇದೇ. ಸವೆದದ್ದು ಮತ್ತೆ ಬರುವುದಿಲ್ಲ.

ಶೋರೂಮಿನ ಕೊಟೇಶನ್ನಿನಲ್ಲಿ ‘ಟೆಫ್ಲಾನ್ ಕೋಟಿಂಗ್’ ಅಂತ 6,500 ರೂಪಾಯಿ ಮೊದಲೇ ಸೇರಿಸಿದ್ದರು. ತೆಗೆಯಿರಿ ಅಂದೆ, ತೆಗೆದರು. ಬಾಣಲೆಗೆ ಟೆಫ್ಲಾನ್ ಹಿಡಿಸಲು 350 ಡಿಗ್ರಿಗೂ ಮೀರಿದ ಶಾಖ ಬೇಕು. ಸ್ಪಂಜಿನಲ್ಲಿ ಬಾನೆಟ್ಟಿಗೆ ಸವರಿದರೆ ಅದು ಹಾಗೆ ಕಚ್ಚಿಕೊಳ್ಳುವುದಿಲ್ಲ. ಆ ಹೆಸರಿನಲ್ಲಿ ಸಿಗುವುದು ಸಾಮಾನ್ಯವಾಗಿ ಕೆಲವು ತಿಂಗಳು ಬಾಳುವ ಸೀಲೆಂಟ್, ಮೇಣದಂತೆ ಸವರುವ ಲೇಪ. ಅದು ಕೆಟ್ಟದ್ದಲ್ಲ, ಆದರೆ ಆ ಬೆಲೆಗಲ್ಲ. ಇನ್ನೊಂದು ಮಾತು ಕೇಳಿಕೊಂಡೆ: ಡೆಲಿವರಿಗೆ ಮುಂಚೆ ಕಾರು ತೊಳೆಯಬೇಡಿ, ಒರೆಸಲೂಬೇಡಿ, ಧೂಳಿದ್ದರೂ ಹಾಗೇ ಕೊಡಿ. ಸೇಲ್ಸ್‌ನ ಹುಡುಗ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಹೊಸ ಕಾರಿನ ಮೊದಲ ಗೀರು ಬೀಳುವುದು ಹೆಚ್ಚಾಗಿ ಶೋರೂಮಿನ ತೊಳೆಯುವ ಜಾಗದಲ್ಲೇ, ಅವಸರದಲ್ಲಿ, ನೆಲಕ್ಕೆ ಬಿದ್ದ ಬಟ್ಟೆಯಿಂದ. ನೀವು ಬೇರೇನೂ ಮಾಡಿಸದಿದ್ದರೂ ಇದೊಂದನ್ನು ಕೇಳಿಕೊಳ್ಳಿ, ದುಡ್ಡು ಖರ್ಚಿಲ್ಲ.

ಫಿಲ್ಮ್, ಕೋಟಿಂಗ್ ಮಾಡಿಕೊಡುವ ಡಿಟೇಲಿಂಗ್ ಅಂಗಡಿಯಲ್ಲಿ ಮೊದಲು ಪೇಂಟಿನ ದಪ್ಪ ಅಳೆಯುವ ಮೀಟರ್ ಇಟ್ಟು ನೋಡಿಸಿದೆ. ತಗಡಿನ ಭಾಗಗಳೆಲ್ಲ 98ರಿಂದ 120 ಮೈಕ್ರಾನ್ ಒಳಗೆ ಬಂತು. ಒಂದೇ ಬಾಗಿಲು ಮಾತ್ರ 250, 300 ತೋರಿಸಿದರೆ ಅದಕ್ಕೆ ಮತ್ತೆ ಬಣ್ಣ ಹೊಡೆದಿದ್ದಾರೆ ಅಂತ ಅನುಮಾನಪಡಬೇಕು. ಸಾಗಾಣಿಕೆಯಲ್ಲಿ ಪೆಟ್ಟು ಬಿದ್ದು ಹಾಗಾಗುವುದುಂಟು. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಅದರ ಮೇಲೆ ಈ ಮೀಟರ್ ನಡೆಯುವುದಿಲ್ಲ.

ಅಲ್ಲಿನ ಗೋಡೆಯ ಮೇಲೆಲ್ಲ ‘9ಎಚ್ ಗಡಸುತನ’ ಅಂತ ದೊಡ್ಡ ಅಕ್ಷರ. ಆ 9ಎಚ್ ಪೆನ್ಸಿಲ್ಲಿನ ಅಳತೆ. ಗಡಸು ಪೆನ್ಸಿಲ್ಲಿನ ಮೊನೆ ಒತ್ತಿ ಎಳೆದರೆ ಗೀರು ಬೀಳದು ಅನ್ನುವಷ್ಟೇ ಅದರ ಅರ್ಥ. ವಜ್ರವನ್ನು 10 ಎಂದಿಟ್ಟು ಅಳೆಯುವ ಮಾಪನ ಬೇರೆ, ಅದರಲ್ಲಿ ನಮ್ಮ ರಸ್ತೆಯ ಮರಳು 7. ಸೆರಾಮಿಕ್ ಪದರ ಇರುವುದೇ 1ರಿಂದ 2 ಮೈಕ್ರಾನ್. ಮರಳು ಸಿಕ್ಕ ಬಟ್ಟೆಯಲ್ಲಿ ಉಜ್ಜಿದರೆ ಅದು ಏನನ್ನೂ ತಡೆಯಲಾರದು. ಪಿಪಿಎಫ್ 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಹಾಳೆ, ಅಂದರೆ ಕಾರಿನ ಪೇಂಟಿಗಿಂತಲೂ ದಪ್ಪ. ಕಲ್ಲೇಟು ತಾಳುವುದು ಅದೇ. ಇಷ್ಟು ತಿಳಿದ ಮೇಲೆ ನನ್ನ ಪ್ರಶ್ನೆ ಬದಲಾಯಿತು. ಯಾವ ಕೋಟಿಂಗ್ ಒಳ್ಳೆಯದು ಎಂದು ಕೇಳುವುದನ್ನು ಬಿಟ್ಟು, ನನ್ನ ಕಾರಿಗೆ ಏಟು ಎಲ್ಲಿಂದ ಬೀಳುತ್ತದೆ ಎಂದು ಲೆಕ್ಕ ಹಾಕಿದೆ.

ನನ್ನ ಮಟ್ಟಿಗೆ ಏಟು ಎರಡು ಕಡೆಯಿಂದ. ಊರು ತೀರ್ಥಹಳ್ಳಿ. ಅಪ್ಪಯ್ಯ, ಅಮ್ಮ ಅಲ್ಲೇ ಇರುವುದರಿಂದ ತಿಂಗಳಿಗೊಮ್ಮೆ ಬೆಂಗಳೂರಿನಿಂದ ತಿಪಟೂರು, ಅರಸೀಕೆರೆ, ಕಡೂರು ದಾಟಿ ಹೋಗಿಬರಬೇಕು. ನಾಲ್ಕು ಪಥದ ಕೆಲಸ ನಡೆಯುತ್ತಿದ್ದ ಕಡೆಯಲ್ಲೆಲ್ಲ ಮುಂದಿನ ಲಾರಿಯ ಚಕ್ರದಿಂದ ಜಲ್ಲಿ ಹಾರಿ ಟಕ್ ಅಂತ ಬಡಿಯುತ್ತಿತ್ತು. ಇನ್ನೊಂದು, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ದಿನಬೆಳಗಾದರೆ ಒರೆಸುವ ಬಟ್ಟೆ. ಇಡೀ ಕಾರಿಗೆ ಪಿಪಿಎಫ್ ಅಂದರೆ 1.15 ಲಕ್ಷ ಕೇಳಿದರು. ಹನ್ನೊಂದು ಲಕ್ಷದ ಕಾರಿಗೆ ಅದು ಜಾಸ್ತಿ ಅನ್ನಿಸಿ ಕಲ್ಲು ಬೀಳುವ ಕಡೆಗೆ ಮಾತ್ರ ಮಾಡಿಸಿದೆ.

ಆ ತೀರ್ಮಾನದಲ್ಲಿ ಎಡವಿದ್ದು ಎರಡು ಕಡೆ. ಮುಂದಿನ ಗಾಜಿನ ಮೇಲ್ಗಡೆ, ರೂಫ್ ಶುರುವಾಗುವ ಅಂಚಿನಲ್ಲಿ ನಾಲ್ಕು ಕಡೆ ಬಣ್ಣ ಚಿಪ್ ಆಗಿದೆ, ಬಿಳಿ ಪ್ರೈಮರ್ ಕಾಣುತ್ತದೆ. ಮುಂದಿನ ಚಕ್ರಗಳ ಹಿಂದೆ, ಬಾಗಿಲ ಕೆಳಭಾಗದಲ್ಲಿ ಕಲ್ಲು ಚಿಮ್ಮಿ ಚಿಮ್ಮಿ ಸೂಜಿ ಚುಚ್ಚಿದಂತೆ ಗುರುತುಗಳು. ಅಲ್ಲಿ ಕಲ್ಲು ಹಾರಿಸುವುದು ನಮ್ಮದೇ ಟೈರು. ಈ ಎರಡು ಜಾಗಕ್ಕೆ ಫಿಲ್ಮ್ ಹಾಕಿಸದೆ ಬಿಟ್ಟದ್ದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ. ಬಾನೆಟ್ಟಿನ ಮೇಲೆ ಒಂದು ಕಲ್ಲು ಫಿಲ್ಮನ್ನು ಸೀಳಿದೆ, ಕೆಳಗಿನ ಬಣ್ಣಕ್ಕೆ ಏನೂ ಆಗಿಲ್ಲ. ಅದೇ ಕಲ್ಲು ಬರಿ ಬಣ್ಣಕ್ಕೆ ಬಿದ್ದಿದ್ದರೆ ತಗಡು ಕಾಣುತ್ತಿತ್ತು. ಸಣ್ಣ ಗೀರುಗಳು ಬಿಸಿಲಿಗೆ ತಾವಾಗಿ ಮಾಯುವುದೂ ನಿಜ. ಏಪ್ರಿಲ್‌ನ ಕಡೂರು ಬಿಸಿಲಲ್ಲಿ ಊಟಕ್ಕೆ ನಿಲ್ಲಿಸಿ ಬರುವಷ್ಟರಲ್ಲಿ ಬಾನೆಟ್ ನುಣುಪಾಗಿದ್ದು ಕಂಡಿದ್ದೇನೆ.

ಫಿಲ್ಮಿನ ದೊಡ್ಡ ತೊಂದರೆ ಅಂಚು. ಹದಿನಾಲ್ಕನೇ ತಿಂಗಳಲ್ಲಿ ಊರಿನ ಕೆಂಪು ಕೆಸರು ತೊಳೆಸಲು ದಾರಿಯ ವಾಟರ್ ಸರ್ವಿಸ್‌ಗೆ ಹೋದೆ. ಪ್ರೆಶರ್ ಪೈಪನ್ನು ಬಂಪರ್ ಮೂಲೆಗೆ ತೀರಾ ಹತ್ತಿರ ಹಿಡಿದದ್ದಕ್ಕೆ ಫಿಲ್ಮ್ ಎದ್ದಿತು. ಒಳಗೆ ಸೇರಿದ ಕೆಮ್ಮಣ್ಣು ಹೊರಬರಲಿಲ್ಲ, ಆ ತುಂಡನ್ನು ಕತ್ತರಿಸಿ ತೆಗೆಸಬೇಕಾಯಿತು. ಪೈಪಿನ ಬಾಯಿ ಒಂದಡಿಯಾದರೂ ದೂರ ಇರಬೇಕು, ಅಂಚಿಗೆ ನೇರ ಹೊಡೆಯಬಾರದು. ಇದಕ್ಕಿಂತ ಮುಖ್ಯವಾದದ್ದು, ಫಿಲ್ಮನ್ನು ಕಾರಿನ ಮೇಲಿಟ್ಟು ಬ್ಲೇಡಿನಲ್ಲಿ ಕತ್ತರಿಸುತ್ತಾರೋ ಅಥವಾ ಕಂಪ್ಯೂಟರ್‌ನಲ್ಲಿ ಮೊದಲೇ ಅಳತೆಗೆ ಕತ್ತರಿಸಿ ತರುತ್ತಾರೋ ಕೇಳಿ. ಕೈ ಸ್ವಲ್ಪ ಒತ್ತಿದರೆ ಬ್ಲೇಡಿನ ಗೆರೆ ಕ್ಲಿಯರ್ ಕೋಟಿನಲ್ಲಿ ಶಾಶ್ವತ. ಅಗ್ಗದ ಪಿವಿಸಿ ಹಾಳೆಯನ್ನೂ ಪಿಪಿಎಫ್ ಅಂತಲೇ ಮಾರುತ್ತಾರೆ, ಅದು ಬೇಗ ಹಳದಿಯಾಗುತ್ತದೆ. ಟಿಪಿಯು (ಮೇಲೆ ಹೇಳಿದ ಪಾಲಿಯುರೆಥೇನ್) ಹೌದೋ ಅಲ್ಲವೋ ನೋಡಿ, ರೋಲಿನ ಪೆಟ್ಟಿಗೆಯ ಸೀರಿಯಲ್ ನಂಬರ್ ಕೇಳಿ, ವಾರಂಟಿ ಕಂಪನಿಯ ಹೆಸರಲ್ಲೇ ದಾಖಲಾಗಲಿ. ಗರ್ವಾರೆಯಂತಹ ನಮ್ಮ ದೇಶದ ಕಂಪನಿಯೂ ಈಗ ಟಿಪಿಯು ಫಿಲ್ಮ್ ತಯಾರಿಸುತ್ತದೆ. ನಾನು ಹಾಕಿಸಿದ್ದು ಯಾವುದು ಎಂದು ಬರೆಯುತ್ತಿಲ್ಲ, ಏಕೆಂದರೆ ಫಿಲ್ಮಿಗಿಂತ ಅಂಟಿಸುವ ಕೈ ಹೆಚ್ಚು ಎಣಿಕೆಗೆ ಬರುತ್ತದೆ.

ಸೆರಾಮಿಕ್ ಬಗ್ಗೆ ನನ್ನ ಅಭಿಪ್ರಾಯ ಎರಡು ಸಲ ಬದಲಾಗಿದೆ. ಮೊದಲ ಮಳೆಗೆ ಕೆಸುವಿನ ಎಲೆಯ ಮೇಲಿನಂತೆ ನೀರು ಉರುಳಿಹೋಯಿತು, ಖುಷಿಯಾಯಿತು. ಬೇಸಿಗೆಯಲ್ಲಿ ಬೇಸರವಾಯಿತು. ನಮ್ಮ ಬೋರ್‌ವೆಲ್ ನೀರನ್ನು, ಕರಗಿದ ಉಪ್ಪಿನಂಶ ತೋರಿಸುವ ಟಿಡಿಎಸ್ ಪೆನ್ನಿನಲ್ಲಿ ಅಳೆದರೆ 900ರ ಆಸುಪಾಸು. ಕೋಟಿಂಗಿನ ಮೇಲೆ ಹನಿಹನಿಯಾಗಿ ನಿಂತ ಆ ನೀರು ಒಣಗಿದರೆ ಒಂದೊಂದು ಹನಿಯೂ ಸುಣ್ಣದ ಉಂಗುರ ಬಿಡುತ್ತದೆ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಮೆತ್ತಗೆ ಒರೆಸಿ, ಕೂಡಲೇ ತೊಳೆದರೆ ಹೊಸ ಕಲೆ ಹೋಗುತ್ತದೆ. ವಾರಗಟ್ಟಲೆ ಬಿಸಿಲು ಕಂಡ ಕಲೆ ಹೋಗದು. ಹೀಗಾಗಿ ತೊಳೆದ ಮೇಲೆ ಒಣಗಿಸುವುದು ತೊಳೆಯುವುದರಷ್ಟೇ ಮುಖ್ಯ.

ಐದು ವರ್ಷದ ವಾರಂಟಿ ಅಂತ ಕೊಟ್ಟ ಕಾರ್ಡನ್ನು ಮನೆಗೆ ಬಂದು ಓದಿದೆ. ಗೀರು, ಹಿಕ್ಕೆ, ನೀರಿನ ಕಲೆ, ಕಲ್ಲೇಟು ಯಾವುದೂ ಸೇರುವುದಿಲ್ಲ. ವರ್ಷಕ್ಕೊಮ್ಮೆ 2,500 ಕೊಟ್ಟು ‘ಮೇಂಟೆನೆನ್ಸ್’ ಮಾಡಿಸದಿದ್ದರೆ ವಾರಂಟಿಯೇ ಇಲ್ಲ. ಒಂದು ಸಲ ಮಾಡಿಸಿ ಬಿಟ್ಟೆ. ಇಪ್ಪತ್ತನೇ ತಿಂಗಳಿಗೆ ರೂಫಿನ ಮೇಲೆ ನೀರು ಉರುಳುವುದು ನಿಂತಿತು. ಆಮೇಲೆ ನಾನೇ, ನೀರು ಉರುಳುವಂತೆ ಮಾಡುವ ಸಿಲಿಕಾ ಸ್ಪ್ರೇ ತಂದು ಮೂರು ತಿಂಗಳಿಗೊಮ್ಮೆ ಹಾಕುತ್ತಿದ್ದೇನೆ, ಒಂದು ಬಾಟಲಿ ವರ್ಷ ಬರುತ್ತದೆ.

ಹಿಕ್ಕೆಯ ವಿಷಯದಲ್ಲಿ ಯಾವ ಕೋಟಿಂಗನ್ನೂ ನಂಬಬೇಡಿ. ಊರಲ್ಲಿ ಒಂದು ರಾತ್ರಿ ಆಲದ ಮರದ ಕೆಳಗೆ ನಿಲ್ಲಿಸಿದ್ದೆ. ಬಾವಲಿಗಳು ಹಣ್ಣು ತಿಂದು ಹಿಕ್ಕೆ ಉದುರಿಸಿದ್ದವು. ಮದುವೆಮನೆ ಗಡಿಬಿಡಿಯಲ್ಲಿ ಮಧ್ಯಾಹ್ನದವರೆಗೂ ನೋಡಲಿಲ್ಲ. ರೂಫ್ ಮೇಲಿನ ಕಲೆ ಇವತ್ತಿಗೂ ಸಂಜೆಯ ಓರೆ ಬೆಳಕಿನಲ್ಲಿ ಕಾಣುತ್ತದೆ. ಬಾನೆಟ್ಟಿನ ಫಿಲ್ಮ್ ಮೇಲಿನ ಕಲೆ ಎರಡು ವಾರ ಇದ್ದು ಹೋಯಿತು. ಹಿಕ್ಕೆ ಆಮ್ಲೀಯ, ಬಿಸಿಲಿಗೆ ಕಾದ ಕ್ಲಿಯರ್ ಕೋಟ್ ಮೆತ್ತಗಾಗಿರುತ್ತದೆ. ಎರಡೂ ಕೂಡಿದರೆ ಗುಳಿ ಬೀಳುತ್ತದೆ. ಡಿಕ್ಕಿಯಲ್ಲಿ ನೀರಿನ ಬಾಟಲಿ, ಮೆತ್ತನೆ ಬಟ್ಟೆ ಇಟ್ಟಿರಿ. ಒದ್ದೆ ಬಟ್ಟೆ ಹೊದಿಸಿ ಐದು ನಿಮಿಷ ಬಿಟ್ಟು ಎತ್ತಿ ತೆಗೆಯಬೇಕು, ತಿಕ್ಕಬಾರದು.

ಆಯುಧಪೂಜೆಯಲ್ಲಿ ಅಮ್ಮ ಹೆಡ್‌ಲೈಟಿಗೆ ಹಚ್ಚಿದ ಅರಿಶಿನ ಫಿಲ್ಮಿಗೆ ಹಿಡಿದುಬಿಟ್ಟಿತು. ಗಾಬರಿಯಾಗಿದ್ದೆ, ಆದರೆ ಅರಿಶಿನದ ಬಣ್ಣ ಬಿಸಿಲು ತಡೆಯದು, ಕೆಲವೇ ದಿನಗಳಲ್ಲಿ ಮಾಸಿತು. ಅಂಗಡಿ ಕುಂಕುಮದ ಕೆಂಪು ಪೂರ್ತಿ ಹೋಗಿಲ್ಲ. ಈಗ ಅಮ್ಮನೇ ಗಾಜಿಗೆ, ನಂಬರ್ ಪ್ಲೇಟಿಗೆ, ಟೈರಿಗೆ ಇಡುತ್ತಾರೆ. ಹೂವಿನ ಹಾರವನ್ನೂ ಹೊರಡುವ ಮೊದಲೇ ತೆಗೆದು ದೇವರಮನೆಯಲ್ಲಿಡುತ್ತಾರೆ, ಓಡುವಾಗ ಅದರ ದಾರ ಬಣ್ಣಕ್ಕೆ ಉಜ್ಜುತ್ತದೆ.

ಇನ್ನು ಬಟ್ಟೆಯ ವಿಷಯ. ನಮ್ಮಲ್ಲಿ ಕಾರು ಒರೆಸುವ ಅಣ್ಣ ನಸುಕಿನ ಐದಕ್ಕೆ ಬಂದು ಏಳೂವರೆಯೊಳಗೆ ಇಪ್ಪತ್ತು ಕಾರು ಮುಗಿಸಬೇಕು, ಒಂದು ಬಕೆಟ್, ಒಂದು ಬಟ್ಟೆ. ತಪ್ಪು ಅವರದ್ದಲ್ಲ. ನಾವು ಕೊಡುವ ದುಡ್ಡಿಗೆ ಅಷ್ಟು ಹೊತ್ತಿನಲ್ಲಿ ಬೇರೆ ದಾರಿಯೇ ಇಲ್ಲ. ನನ್ನ ಕಾರಿನ ಮೈ ಮುಟ್ಟಬೇಡಿ, ಗಾಜು ಮತ್ತು ಚಕ್ರ ಮಾತ್ರ ಮಾಡಿ, ದುಡ್ಡು ಮೊದಲಿನಷ್ಟೇ ಕೊಡುತ್ತೇನೆ ಅಂದೆ. “ಧೂಳು ಹಂಗೇ ಇದ್ರೆ ನನ್ನ ಬೈತಾರೆ ಸರ್” ಅಂದರು. ಒಂದು ವಾರ ಬೇಕಾಯಿತು ಒಪ್ಪಲು. ಭಾನುವಾರ ನಾನೇ ತೊಳೆಯುತ್ತೇನೆ: ಮೊದಲು ನೀರು ಹಾಯಿಸಿ ಮಣ್ಣು ಇಳಿಸುವುದು, ಒಂದು ಬಕೆಟ್ಟಿನಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಅದ್ದಿ ಕೊಳೆ ಬಿಡಿಸಲು ಬರಿ ನೀರು, ಮೇಲಿನಿಂದ ಕೆಳಕ್ಕೆ. ಬಂಪರ್ ಕೆಳಭಾಗಕ್ಕೆ ಬೇರೆ ಬಟ್ಟೆ.

2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಹಾಕಿತು. ಪಕ್ಕದ ಮನೆಯವರು ಆರ್‌ಒ ಫಿಲ್ಟರ್ ಹೊರಬಿಡುವ ನೀರು ಬಳಸಿದರು. ಅದರಲ್ಲಿ ಉಪ್ಪಿನಂಶ ಇನ್ನೂ ಹೆಚ್ಚು, ಕಾರೆಲ್ಲ ಬಿಳಿ ಚುಕ್ಕೆ. ನಾನು ಆ ತಿಂಗಳೆಲ್ಲ ತೊಳೆಯಲೇ ಇಲ್ಲ. ಹೊಟ್ಟೆ ಉರಿಯುತ್ತಿದ್ದರೂ ಒಣ ಬಟ್ಟೆ ಮುಟ್ಟಿಸಲಿಲ್ಲ. ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಬಾವಿನೀರು ಹಾಯಿಸಿದ್ದಕ್ಕೇ ಧೂಳೆಲ್ಲ ಇಳಿದುಹೋಯಿತು. ಅವತ್ತು ಸೆರಾಮಿಕ್‌ಗೆ ಕೊಟ್ಟ 16,000 ಸಾರ್ಥಕ ಅನ್ನಿಸಿತು. ಕೊಳೆ ಅಂಟದಂತೆ, ಸುಲಭವಾಗಿ ಬಿಡುವಂತೆ ಮಾಡುವುದು ಅದರ ಕೆಲಸ; ಅದನ್ನು ಚೆನ್ನಾಗಿಯೇ ಮಾಡಿದೆ. ಮೊನ್ನೆ ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ಬಾಗಿಲುಗಳನ್ನು ನೋಡಿದೆ. ಮೂರು ವರ್ಷದ ಕಡುನೀಲಿ ಬಣ್ಣದಲ್ಲಿ ಸುತ್ತು ಗೀರು ಹುಡುಕಿದರೆ ಸಿಗುತ್ತವೆ, ಹುಡುಕಬೇಕು. ಅಂಚು, ಹಿಡಿಕೆ ಗುಳಿ ಬಿಟ್ಟರೆ ಬಾಗಿಲಿಗೆ ಫಿಲ್ಮ್ ಇಲ್ಲ. ಅದನ್ನು ಉಳಿಸಿದ್ದು ಆ ಎರಡು ಬಕೆಟ್ಟುಗಳು.

ಹೋದ ವಾರ ಹುಬ್ಬಳ್ಳಿಯಿಂದ ತಂಗಿ ಫೋನ್ ಮಾಡಿದಳು. “ಅಣ್ಣಾ, ಹೊಸ ಕಾರಿಗೆ ಇಡೀ ಪಿಪಿಎಫ್ ಮಾಡ್ಸಿ ಅಂತಿದಾರೆ, ತೊಂಬತ್ತು ಸಾವಿರ. ಮಾಡ್ಸದಾ?” ಯಾವ ಬಣ್ಣ ಕೇಳಿದೆ, ಬಿಳಿ. ಹೈವೇಗೆ ಎಷ್ಟು ಹೋಗ್ತೀರಿ ಅಂದರೆ ವರ್ಷಕ್ಕೆ ಎರಡು ಸಲ. ತೊಳೆಯುವುದು ಭಾವ, ಅವರೇ. ನಿಲ್ಲಿಸುವುದು ಮನೆ ಮುಂದಿನ ಬೇವಿನ ಮರದಡಿ, ಮೇಲೆ ಚಾವಣಿ ಇಲ್ಲ, ಮರದಲ್ಲಿ ಕಾಗೆ ಗೂಡು ಬೇರೆ. ಬಾಗಿಲ ಅಂಚಿಗೆ, ಹಿಡಿಕೆ ಗುಳಿಗೆ ಮಾತ್ರ ಫಿಲ್ಮ್ ಹಾಕಿಸು, ಒಂದು ಸ್ಪ್ರೇ ಬಾಟಲಿ, ಎರಡು ಬಕೆಟ್, ಆರು ಮೈಕ್ರೋಫೈಬರ್ ಬಟ್ಟೆ ತಗೋ, ಉಳಿದ ದುಡ್ಡಲ್ಲಿ ಕಾರು ನಿಲ್ಲಿಸುವಲ್ಲಿ ಶೀಟು ಹಾಕಿಸು ಅಂದೆ. ಶುಕ್ರವಾರ ವೆಲ್ಡಿಂಗಿನವರು ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರಂತೆ.